ಮೆಟ್ಟಿಲಿಂದ ಬಿದ್ದವರು

ದೋಹಾದಲ್ಲಿ ಶುಕ್ರವಾರ ಫುಟ್‌ಬಾಲ್ ಆಡುವ ನಮ್ಮ ಕಡೆಯವರಿಗೆಲ್ಲ ಒಂದು ಪಾಠ ಬಾಯಿಪಾಠ. ಕಾಲು ಮುರಿಯಲಿ, ತಲೆ ಒಡೆಯಲಿ, ಆಸ್ಪತ್ರೆಯಲ್ಲಿ ಕೇಳಿದರೆ ಮೆಟ್ಟಿಲಿಂದ ಬಿದ್ದೆ ಎನ್ನಬೇಕು. ಯಾರೋ ಹೊಡೆದರು ಎಂದರೆ ಎಮರ್ಜೆನ್ಸಿ ಬಾಗಿಲಲ್ಲಿ ಕುಳಿತ ಪೊಲೀಸ್ ಎದ್ದು ಬರುತ್ತಾನೆ, ಕೇಸಾಗುತ್ತದೆ, ಹೊಡೆದವನನ್ನು ಊರಿಗೆ ಕಳಿಸುತ್ತಾರೆ. ಹಾಗಾಗಿ ಇಲ್ಲಿ ಯಾರೂ ಯಾರ ಮೇಲೂ ಕೈ ಎತ್ತುವುದಿಲ್ಲ. ಕೈಯಲ್ಲಿ ಮಾಡಬೇಕಾದದ್ದನ್ನೆಲ್ಲ ಚೆಂಡಿನ ನೆಪದಲ್ಲಿ ಕಾಲಿನಿಂದ ಮಾಡುತ್ತಾರೆ. ನಾನು ಬೆನ್ನಿ, ಓಲ್ಡ್ ಏರ್‌ಪೋರ್ಟ್ ಬಾಯ್ಸ್ ಕ್ಲಬ್ಬಿನ ಗೋಲ್‌ಕೀಪರ್. ಗೋಲಿನಲ್ಲಿ ನಿಂತು ಈ ಸಜ್ಜನಿಕೆಯನ್ನು ಬೇಕಾದಷ್ಟು ನೋಡಿದ್ದೇನೆ. ಆಸ್ಪತ್ರೆಯಲ್ಲಿ ನಾವು ಹೇಳಿದ್ದನ್ನು ನಂಬಿದರೆ ಓಲ್ಡ್ ಏರ್‌ಪೋರ್ಟ್ ಬಡಾವಣೆಯಲ್ಲಿ ನೆಟ್ಟಗಿರುವ ಒಂದು ಮೆಟ್ಟಿಲೂ ಇಲ್ಲ.

ಡ್ಯಾರೆಲ್ ಹುಟ್ಟಿದ್ದು ಇದೇ ಓಲ್ಡ್ ಏರ್‌ಪೋರ್ಟಿನಲ್ಲಿ. ಶಾಲೆ ಮುಗಿಸುವ ಹೊತ್ತಿಗೆ ನಮ್ಮ ಕ್ಲಬ್ಬಿನ ಫಾರ್ವರ್ಡ್, ಒಂಬತ್ತನೇ ನಂಬರಿನ ಜರ್ಸಿ ಅವನದು. ಅಲ್ಲಿಂದ ಗೋವಾ, ಕೋಲ್ಕತ್ತಾ, ಕೇರಳ ಎಂದು ಸಂಬಳಕ್ಕೆ ಆಡುವ ಆಟಗಾರನಾದ. ಟಿವಿಯಲ್ಲಿ ಅವನು ಕಂಡರೆ ನಾವೆಲ್ಲ ನಮ್ಮ ಮಗನೇ ಗೋಲು ಹೊಡೆದ ಹಾಗೆ ಕೂಗುತ್ತಿದ್ದೆವು. ಮಂಡಿಯ ಎರಡನೇ ಆಪರೇಷನ್ ಆದ ಮೇಲೆ ಯಾವ ಕ್ಲಬ್ಬೂ ಕರೆಯಲಿಲ್ಲ. ಮಂಗಳೂರು ಅವನಿಗೆ ರಜೆಗೆ ಹೋಗುವ ಜಾಗ, ಅಷ್ಟೇ. ತನ್ನದು ಎನ್ನಲು ಇದ್ದ ಊರು ಈ ದೋಹಾ ಒಂದೇ, ಅದೂ ವೀಸಾ ಮೇಲೆ. ಇಲ್ಲಿಯೇ ಒಂದು ಆಫೀಸಿನಲ್ಲಿ ಕೆಲಸ ಹಿಡಿದು ವಾಪಸು ಬಂದ.

ಅವನು ಇಳಿದ ದಿನವೇ ನಮ್ಮ ಅಧ್ಯಕ್ಷ ಫಿಡೆಲಿಸ್ ವಾಟ್ಸಾಪ್ ಗ್ರೂಪಿನಲ್ಲಿ ಸಾರಿದ: ನಮ್ಮ ಒಂಬತ್ತು ಮನೆಗೆ ಬಂತು. ಆ ಒಂಬತ್ತು ಆಗ ಕೃತಿಕ್‌ನ ಬೆನ್ನ ಮೇಲಿತ್ತು. ಇಬ್ಬರೂ ಒಂದೇ ಕಟ್ಟಡದಲ್ಲಿ ಬೆಳೆದ ಮಕ್ಕಳು, ಒಬ್ಬರ ಎಂಜಲು ಒಬ್ಬರು ತಿಂದವರು. ಡ್ಯಾರೆಲ್ ಹೋದ, ಕೃತಿಕ್ ಉಳಿದ. ರಾಸ್ ಲಫಾನಿನ ಗ್ಯಾಸ್ ಸ್ಥಾವರದಲ್ಲಿ ಟ್ಯಾಂಕುಗಳನ್ನು ಹತ್ತಿ ಇಳಿದು ತಪಾಸಣೆ ಮಾಡುವ ಕೆಲಸ, ವಾಸ ದೋಹಾದಿಂದ ದೂರದ ಅಲ್ ಖೋರ್‌ನಲ್ಲಿ. ಆದರೂ ಒಂದು ಶುಕ್ರವಾರ ತಪ್ಪಿಸದೆ ನಮಗಾಗಿ ಬಂದು ಆಡುತ್ತಿದ್ದ. ತನ್ನ ನಂಬರು ಹೋದದ್ದು ಅವನಿಗೆ ಗೊತ್ತಾದದ್ದು ಕಂಪನಿ ಬಸ್ಸಿನಲ್ಲಿ ಕುಳಿತು ಫೋನು ನೋಡುವಾಗ. ಒಂದು ಮಾತೂ ಬರೆಯದೆ ಗ್ರೂಪ್ ಬಿಟ್ಟ. ಅಲ್ ಖೋರ್ ತಂಡ ಸೇರಿದ.

ಒಂದು ಫೋನ್ ಮಾಡು ಎಂದು ಡ್ಯಾರೆಲ್‌ಗೆ ನಾನೇ ಹೇಳಿದೆ.

"ಆಟದಲ್ಲಿ ಇದೆಲ್ಲ ಇದ್ದದ್ದೇ ಬೆನ್ನಿಯಣ್ಣ."

"ಸಂಬಳದ ಆಟದಲ್ಲಿ ಇರ್ಬಹುದು ಮಾರಾಯ. ನಮಗೆ ನಾಳೆ ಒಂದೇ ಅಂಗಡಿಯಲ್ಲಿ ಮೀನು ತಗೊಳ್ಳಿಕ್ಕುಂಟು."

ಅವನು ನಕ್ಕ. ನನಗೆ ಮೈಯೆಲ್ಲ ಉರಿಯಿತು.

ಆ ಸಲದ ಟೂರ್ನಮೆಂಟಿನ ಫೈನಲ್ ಬಂದದ್ದು ಅಲ್ ಖೋರ್ ಮೇಲೆ. ಜನ್ಮವೆಲ್ಲ ಫಾರ್ವರ್ಡ್ ಆಗಿದ್ದ ಕೃತಿಕ್ ಅವತ್ತು ಎದುರು ತಂಡದ ಫಾರ್ವರ್ಡನ್ನು ತಡೆಯುವ ಸ್ಟಾಪರ್ ಜಾಗ ಕೇಳಿ ಪಡೆದಿದ್ದ. ಯಾಕೆಂದು ಯಾರೂ ಕೇಳಬೇಕಾಗಿರಲಿಲ್ಲ. ಡ್ಯಾರೆಲ್‌ಗೆ ಚೆಂಡು ಸಿಕ್ಕಿದಾಗಲೆಲ್ಲ ಹಿಮ್ಮಡಿಗೆ ಒದೆ, ಸಿಗದಿದ್ದಾಗ ಪಕ್ಕೆಗೆ ಮೊಣಕಾಲು. ಆಮೇಲೆ ಒಂದು ಕಾರ್ನರಿಗೆ ಎಲ್ಲರೂ ಹಾರಿದಾಗ ಕೃತಿಕ್‌ನ ಮೊಣಕೈ ನೇರ ಡ್ಯಾರೆಲ್‌ನ ಬಾಯಿಗೆ ಬಿತ್ತು. ಆ ಸದ್ದು ಈಚೆ ತುದಿಯಲ್ಲಿದ್ದ ನನಗೂ ಕೇಳಿಸಿತು. ಡ್ಯಾರೆಲ್ ಅಂಗೈಗೆ ಉಗಿದ. ರಕ್ತದಲ್ಲಿ ಎರಡು ಹಲ್ಲು. ಅದನ್ನು ರೆಫ್ರಿಗೆ ತೋರಿಸಿದರೆ ಆತ "ಯಲ್ಲಾ, ಯಲ್ಲಾ" ಎಂದು ಆಟ ಮುಂದುವರಿಸಲು ಕೈ ಬೀಸಿದ.

ಬಿಡುವಿನಲ್ಲಿ, ಸಾಕು, ಬದಲಿಯನ್ನು ಇಳಿಸುವ ಎಂದೆ. ಡ್ಯಾರೆಲ್ ಲೇಸು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟುತ್ತಿದ್ದ.

ಆಟವನ್ನೇ ಕಸುಬು ಮಾಡಿಕೊಂಡವನಿಗೆ ಎಲ್ಲಿ ತುಳಿದರೆ ಎಲ್ಲಿ ಮುರಿಯುತ್ತದೆ ಎಂಬುದು ಗೊತ್ತಿರುತ್ತದೆ. ಎರಡನೇ ಅರ್ಧದಲ್ಲಿ ಕೃತಿಕ್ ಚೆಂಡನ್ನು ದೂರ ಹೊಡೆಯಲು ಎಡಗಾಲು ಊರಿದ. ಡ್ಯಾರೆಲ್ ಚೆಂಡಿನ ಕಡೆ ನೋಡಲೂ ಇಲ್ಲ. ಎರಡೂ ಕಾಲು ಮುಂದೆ ಚಾಚಿ, ಬೂಟಿನ ಅಡಿ ಮೇಲೆ ಮಾಡಿ, ಆ ಊರಿದ ಕಾಲಿನ ಮೇಲೆ ಬಿದ್ದ. ಒಣ ಕಟ್ಟಿಗೆ ಮುರಿದಂತೆ ಕೇಳಿಸಿತು. ಕಾಲು ಮಂಡಿಯ ಕೆಳಗೆ ಅಡ್ಡಕ್ಕೆ ತಿರುಗಿತು, ಕಾಲುಚೀಲ ಹರಿದು ಮೂಳೆ ಹೊರಗೆ ಬಂತು. ಕೃತಿಕ್ ಕೂಗಿದ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಡ್ಯಾರೆಲ್ ಎದ್ದು ಅವನ ಮೇಲೆ ಬಾಗಿ, ಒಡೆದ ಬಾಯಲ್ಲಿ, "ತಗೋ ಈಗ ಒಂಬತ್ತು" ಎಂದ.

ಆಂಬುಲೆನ್ಸ್ ಕರೆದರೆ ಹಿಂದೆಯೇ ಪೊಲೀಸರು ಬರುತ್ತಾರೆಂದು ಯಾರೂ ಕರೆಯಲಿಲ್ಲ. ಮೂಳೆ ಹೊರಬಂದ ಮನುಷ್ಯನನ್ನು ಅಕ್ಕಿ ಮೂಟೆಯ ಹಾಗೆ ಎತ್ತಿ ನನ್ನ ಕಾರಿನ ಹಿಂದಿನ ಸೀಟಿಗೆ ತುರುಕಿದರು. ಕಾಲು ಬಾಗಿಲಿಗೆ ತಾಗಿತು, ಮತ್ತೆ ತಾಗಿತು. ಬುದ್ಧಿವಂತರ ಕೂಟ. ಬಾಯಿಗೆ ಹೊಲಿಗೆ ಬೇಕೆಂದು ಡ್ಯಾರೆಲ್‌ನನ್ನೂ ಮುಂದೆ ಕೂರಿಸಿದರು.

ಅರ್ಧ ದಾರಿಯಲ್ಲಿ ಅವನಿಗೆ ಪಾಠ ನೆನಪಾಯಿತು.

"ಬೆನ್ನಿಯಣ್ಣ, ಇವ ನನ್ನ ಹೆಸರು ಹೇಳಿದ್ರೆ?"

"ನಿನ್ನನ್ನು ಊರಿಗೆ ಕಳಿಸ್ತಾರೆ."

"ಯಾವ ಊರಿಗೆ?"

ಹಿಂದಿನ ಸೀಟಿನಲ್ಲಿ ಕೃತಿಕ್ ಎಲ್ಲ ಕೇಳಿಸಿಕೊಂಡು ಹಲ್ಲು ಕಚ್ಚಿ ನರಳುತ್ತಿದ್ದ.

ಎಮರ್ಜೆನ್ಸಿಯಲ್ಲಿ ಪೊಲೀಸ್ ಸ್ಟ್ರೆಚರ್ ಬಳಿ ಬಂದು ಹೇಗಾಯಿತು ಎಂದು ಕೇಳಿದ. ಕೃತಿಕ್‌ನ ಮುಖದಲ್ಲಿ ರಕ್ತವೇ ಇರಲಿಲ್ಲ. ಡ್ಯಾರೆಲ್‌ನನ್ನು ತುಂಬ ಹೊತ್ತು ನೋಡಿದ. ಒಂದು ಮಾತು ಹೇಳಿದ್ದರೆ ಸಾಕಿತ್ತು, ಡ್ಯಾರೆಲ್‌ನ ಊರು ಅಲ್ಲಿಗೆ ಖಲಾಸ್.

"ಮೆಟ್ಟಿಲಿಂದ ಬಿದ್ದೆ" ಎಂದ ಇಂಗ್ಲಿಷಿನಲ್ಲಿ.

ಪೊಲೀಸ್ ನಮ್ಮ ಜರ್ಸಿಗಳನ್ನು ನೋಡಿ, ಡ್ಯಾರೆಲ್‌ನ ಬಾಯಿಯ ಕಡೆ ಬೆರಳು ತೋರಿಸಿದ. ಇವನಿಗೆ ಏನಾಯಿತು?

"ನಾನು ಬೀಳುವಾಗ ಹಿಡಿಯಲು ಬಂದ. ಅವನೂ ಬಿದ್ದ."

ಪೊಲೀಸ್ ತನ್ನ ಕುರ್ಚಿಗೆ ಹೋದ. ಡ್ಯಾರೆಲ್ ಗೋಡೆಗೆ ತಿರುಗಿ ಹಣೆ ಚಚ್ಚಿಕೊಂಡ, ನಾನು ಕುತ್ತಿಗೆಪಟ್ಟಿ ಹಿಡಿದು ಎಳೆಯುವವರೆಗೂ. ನನಗೆ ಅವನ ಮೇಲೆ ಒಂದಿಷ್ಟೂ ಕರುಣೆ ಬರಲಿಲ್ಲ.

ಕಾಲಿಗೆ ರಾಡ್ ಹಾಕಿದರು, ಕೀವಾಯಿತು, ತೆಗೆದು ಮತ್ತೆ ಹಾಕಿದರು. ಅಲುಗಾಡಿಸದೆ ತಂದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದರು ಡಾಕ್ಟರು. ಇನ್ನು ಮೆಟ್ಟಿಲು ಹತ್ತುವಂತಿಲ್ಲ ಎಂದೂ ಹೇಳಿದರು. ಮೆಟ್ಟಿಲು ಹತ್ತುವುದೇ ಕೃತಿಕ್‌ನ ಕೆಲಸ. ಕಂಪನಿ ಅವನ ವೀಸಾ ಕ್ಯಾನ್ಸಲ್ ಮಾಡಿತು. ಹೆಂಡತಿ ಮೋಕ್ಷಾ ಮೊದಲೇ ಮನೆ ಸಾಮಾನು ಕಟ್ಟಿಕೊಂಡು ಹೋದಳು. ಅವಳು ಡ್ಯಾರೆಲ್‌ನ ಮುಖ ನೋಡಲಿಲ್ಲ.

ಕೃತಿಕ್ ಊರಿಗೆ ಹೊರಟ ದಿನ ಗಾಲಿಕುರ್ಚಿ ತಳ್ಳಲು ಡ್ಯಾರೆಲ್ ತಾನಾಗಿ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರಲ್ಲಿ ಒಗೆದು ಮಡಚಿದ ಒಂಬತ್ತನೇ ನಂಬರು. ಏರ್‌ಪೋರ್ಟಿನ ಒಳಗೆ ಅದನ್ನು ಕೃತಿಕ್‌ನ ತೊಡೆಯ ಮೇಲಿಟ್ಟು, "ಇದು ನಿಂದೇ ಮಾರಾಯ. ನಾನು ಇನ್ನು ಆಡುದಿಲ್ಲ" ಎಂದ.

ಕೃತಿಕ್ ಅದನ್ನು ಕುರ್ಚಿಯಲ್ಲಿಟ್ಟು ನನ್ನ ಭುಜ ಹಿಡಿದು ಎದ್ದು ನಿಂತ. ವೀಸಾ ಹೋದವನಿಗೆ ಇನ್ಯಾವ ಭಯ? ಇಷ್ಟು ವರ್ಷ ಈ ದೇಶದಲ್ಲಿ ಯಾರ ಮೇಲೂ ಎತ್ತದಿದ್ದ ಕೈಯನ್ನು ಮುಷ್ಟಿ ಕಟ್ಟಿ, ಡಾಕ್ಟರು ಹೊಸ ಹಲ್ಲು ಕೂರಿಸಿದ ಜಾಗಕ್ಕೇ ಬಾರಿಸಿದ. ಇನ್ನೊಮ್ಮೆ ಬಾರಿಸಿದ. ಡ್ಯಾರೆಲ್ ಕೈ ಅಡ್ಡ ತರಲಿಲ್ಲ. ರಕ್ತ ಗಲ್ಲದಿಂದ ಇಳಿದು ನೆಲಕ್ಕೆ ಬಿತ್ತು. ಸಾಲಿನಲ್ಲಿದ್ದ ಹೆಂಗಸರು ಹಿಂದೆ ಸರಿದರು, ಪೊಲೀಸ್ ಓಡಿ ಬಂದ.

"ಮಾಫಿ ಮುಷ್ಕಿಲ್" ಎಂದ ಡ್ಯಾರೆಲ್, ಬಾಯಿ ಒತ್ತಿಕೊಂಡು. "ಏನೂ ತೊಂದರೆಯಿಲ್ಲ. ಅವನ ಕಾಲು ಸರಿ ಇಲ್ಲ ಸರ್. ಬೀಳುತ್ತಿದ್ದ, ನನ್ನನ್ನು ಹಿಡಿದುಕೊಂಡ."

ಪೊಲೀಸ್ ಕೃತಿಕ್‌ನ ಕಾಲನ್ನು ನೋಡಿದ, ನನ್ನನ್ನು ನೋಡಿದ. ನಾನು ತಲೆಯಾಡಿಸಿದೆ. ಅವನು ಹೋದ.

ಕೃತಿಕ್ ಮತ್ತೆ ಕುರ್ಚಿಯಲ್ಲಿ ಕುಳಿತ. ಜರ್ಸಿ ಬಿಡಿಸಿ, ಒಂಬತ್ತರ ಮೇಲೆಯೇ ಬೆರಳಿನ ರಕ್ತ ಒರೆಸಿ, ಮಡಚಿ ಚೀಲಕ್ಕೆ ಹಾಕಿಕೊಂಡ.

"ತಳ್ಳು" ಎಂದ.

ಡ್ಯಾರೆಲ್ ತಳ್ಳಿದ.