ಶಿವನಿಗೆ ಏರದ ಹೂವು

"ಕೇತಕಿ ಅಂತ ಇಡೋಣೇನ್ರಿ ಅತ್ತಿ?" ಎಂದಳು ಸುಭದ್ರಾ.

ಬಚ್ಚಲಲ್ಲಿ ಕಾಲು ನೀಡಿ ಕೂತು, ಮೊಮ್ಮಗಳನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ನೀರೆರೆಯುತ್ತಿದ್ದ ಗಂಗುಬಾಯಿಯ ಕೈ ಅಲ್ಲೇ ನಿಂತಿತು. ಕೂಸು ಚಳಿಗೆ ಕಿರುಚಿದ ಮೇಲೆಯೇ ಕೈಯಲ್ಲಿದ್ದ ತಂಬಿಗೆಯ ನೆನಪಾಯಿತು.

"ಎಲ್ಲಿ ಸಿಕ್ತಬೇ ನಿನಗ ಈ ಹೆಸರು?"

"ನಿಮ್ಮ ಟ್ರಂಕಿನ್ಯಾಗ್ರಿ. ಕೂಸಿಗಿ ಮೆತ್ತನ್ನ ಅರಿವಿ ತಗೋ ಅಂದಿದ್ರಲ್ಲ, ಅವಾಗ ಸೀರಿ ಮಡಿಕ್ಯಾಗ ಒಣಗಿದ ಕ್ಯಾದಗಿ ಗರಿ ಸಿಕ್ತು. ಯಾವ ಕಾಲದ್ದೋ ಏನೋ, ಇನ್ನಾ ಘಮ್ ಅನ್ನಾಕತ್ತದ. ನಮ್ಮ ಸಾಲಿ ಬುಕ್ಕಿನ್ಯಾಗ ಕ್ಯಾದಗಿಗಿ ಕೇತಕಿ ಅಂತಿತ್ತು. ಹಿರೇಮಗಳಿಗಿ ನೀವೆಲ್ಲಾ ಕೂಡಿ ಹೆಸರಿಟ್ರಿ. ಈಕಿಗರ ನಾ ಇಡ್ತೇನ್ರಿ."

ಗಂಗುಬಾಯಿ ಕೂಸನ್ನು ಒರೆಸಿ, ಅರಿವೆಯಲ್ಲಿ ಸುತ್ತಿ ಸೊಸೆಯ ಕೈಗೆ ಕೊಟ್ಟಳು.

ಘತ್ತರಗಿಯಲ್ಲಿ, ಭೀಮೆಯ ದಂಡೆಯ ಕೇದಗೆ ಮೆಳೆಗಳು ಹೂ ಬಿಟ್ಟಿದ್ದ ಹೊತ್ತಿಗೆ ಹುಟ್ಟಿದ ಗಂಗುಬಾಯಿಗೆ ಅವಳಪ್ಪ ಇಟ್ಟ ಹೆಸರು ಕ್ಯಾದಗಿ. ಹಿಂದು ಮುಂದು ನೋಡುವ ಜಾಯಮಾನ ಅವನದಲ್ಲ. ಮೂಗಿಗೆ ಹಿತವಾಯಿತು, ಇಟ್ಟ. ನೆಲೋಗಿಗೆ ಸೊಸೆಯಾಗಿ ಬಂದ ದಿನ ಅತ್ತೆ ಆ ಹೆಸರು ಕೇಳಿ ಹೊಸ್ತಿಲಲ್ಲೇ ಕಿವಿ ಮುಚ್ಚಿಕೊಂಡಿದ್ದಳು. ಲಿಂಗಕ್ಕೆ ಏರಿಸದ ಹೂವಿನ ಹೆಸರು ಲಿಂಗವಂತರ ಮನೆಯಲ್ಲಿ! ತಾಟಿನಲ್ಲಿ ಅಕ್ಕಿ ಹರಡಿದರು, ಮದುಮಗ ಬೆರಳಿನಿಂದ 'ಗಂಗು' ಎಂದು ಬರೆದ. ಗಂಗೆಯಾದರೆ ಶಿವನ ತಲೆಯ ಮೇಲೆಯೇ ಇರುವವಳು, ತಕರಾರಿಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುತ್ತಾರೆ; ಹೆಸರಿಗೂ ಹೊರಗು ಎಂದು ಅವಳಿಗೆ ಯಾರೂ ಮೊದಲೇ ಹೇಳಿರಲಿಲ್ಲ. ತವರಿಗೆ ಹೋದಾಗ ಅವ್ವ ಮಾತ್ರ ಹಳೆಯ ಹೆಸರು ಹಿಡಿದು ಕೂಗುತ್ತಿದ್ದಳು. ಅವ್ವ ತೀರಿದ ಮೇಲೆ ಅದೂ ನಿಂತಿತು. ಘತ್ತರಗಿಯ ಭಾಗ್ಯವಂತಿ ದೇವಿಯ ದರ್ಶನಕ್ಕೆ ಹೋಗುವವರಿಗೆ ಹೇಳಿ ಒಂದೊಂದು ಹೂ ತರಿಸಿ ಟ್ರಂಕಿನಲ್ಲಿ ಇಟ್ಟುಕೊಳ್ಳುವುದೊಂದು ಉಳಿದಿತ್ತು. ಯಾಕೆ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮರುದಿನವೇ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಶಾಸ್ತ್ರ. ಅಂದು ಮಧ್ಯಾಹ್ನ ಪಡಸಾಲೆಯಲ್ಲಿ ಗುಗ್ಗರಿಯ ಕಡಲೆ ಹಸನು ಮಾಡುತ್ತ ಕೂತಾಗ ಸುಭದ್ರಾ ಎಲ್ಲರೆದುರು ಹೆಸರು ಎತ್ತಿದಳು. ಅಷ್ಟೇ ಸಾಕಾಯಿತು. ಹೆಸರಿಡುವುದಕ್ಕಿಂತ ಮನೆ ಕಟ್ಟುವುದೇ ಸಸಾರ.

ಇಜೇರಿಯಿಂದ ಬಂದಿದ್ದ ಗಂಗುಬಾಯಿಯ ನಾದಿನಿ ಗೌರಾಬಾಯಿ ಮೊದಲು ಬಾಯಿ ಬಿಟ್ಟಳು. ಅಣ್ಣನ ಮದುವೆಯ ಹೊತ್ತಿಗೆ ಅವಳಿನ್ನೂ ತೊಡೆಯ ಮೇಲಿನ ಕೂಸು. "ಯವ್ವಾ, ಶಿವನ ಮುಂದ ಸುಳ್ಳ ಸಾಕ್ಷಿ ಹೇಳಿದ ಹೂವದು! ಶಾಪ ಹತ್ಯಾದ ಅದಕ್ಕ. ಅದರ ಮೆಳಿಯಾಗ ಹಾವು ಬ್ಯಾರೆ."

ಬಾಣಂತಿಗೆ ಬಳೆ ಇಡಿಸಲು ಬಂದಿದ್ದ ಪಕ್ಕದ ಮನೆಯ ಗೌಸಿಯಾಬೇಗಂ ನಕ್ಕಳು. "ನಮ್ಮಲ್ಲಿ ಅದಕ್ಕ ಕೇವಡಾ ಅಂತೇವ್ರಿ. ಶಾದಿ ಬಿರ್ಯಾನಿಗಿ ಕೇವಡಾ ನೀರ ಚಿಮಕಸ್ತಾರ. ಭಾಳ ಛಲೋ ಹೆಸರದ, ಇಡ್ರಿ."

ಬಿರ್ಯಾನಿಯ ಹೆಸರು ಕೇಳಿದ್ದೇ ಗೌರಾಬಾಯಿ ಕೊರಳ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡಳು. "ಕೇಳಿದಿ ಹೌದಿಲ್ಲೋ! ಸುಮ್ಮ ಗೌರಿ ಅಂತ ಇಡ್ರಿ." ಗೌರಾಬಾಯಿಗೆ ಗೌರಿ ಎಂಬ ಹೆಸರೇ ಯಾಕೆ ಹೊಳೆಯಿತು ಎಂದು ಕೇಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ.

ಸುಭದ್ರಾ ತಲೆ ತಗ್ಗಿಸಿ ಕೂಸಿನ ಟೊಪ್ಪಿಗೆಯ ದಾರ ಕಟ್ಟತೊಡಗಿದಳು. ಕಣ್ಣು ತುಂಬಿದ್ದು ಗಂಗುಬಾಯಿಗೆ ಕಾಣಿಸಿತು. ಬಾಯಿ ತೆರೆಯಬೇಕು ಅನ್ನಿಸಿತು. ಆದರೆ ಇಷ್ಟು ವರ್ಷ ಇಲ್ಲದ್ದು ಈಗೇನು ಎಂಬ ನಾಚಿಕೆ.

ಅಷ್ಟರಲ್ಲಿ ಅವಳ ಗಂಡ ಶಾಂತಲಿಂಗಪ್ಪ ಟ್ರಾನ್ಸಿಸ್ಟರಿನ ದನಿ ತಗ್ಗಿಸಿ ಹೇಳಿದ. "ಕ್ಯಾದಗಿ ಅಂತ ಹೆಣ್ಣಿಗಿ ಯಾರರ ಹೆಸರಿಡ್ತಾರೇನು? ನನ್ನ ಜಲ್ಮದಾಗ ಕೇಳಿಲ್ಲ."

ಸುಳ್ಳು ಹೇಳುವ ಮನುಷ್ಯನಲ್ಲ ಅವನು. ಅದೇ ಗಂಗುಬಾಯಿಯ ಎದೆಗೆ ನಾಟಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ಅವನಿಗೆ ನಿಜವಾಗಿಯೂ ಮರೆತುಹೋಗಿತ್ತು.

"ನಿಮ್ಮ ಹೇಂತಿಗಿ ಇತ್ತಲ್ರಿ," ಎಂದಳು.

ಎಲ್ಲರೂ ಅವಳ ಕಡೆ ನೋಡಿದರು. ಅವಳು ಮೊರದಲ್ಲಿದ್ದ ಕಡಲೆಯನ್ನೇ ನೋಡುತ್ತ ಹೇಳಿದಳು. "ಈ ಮನಿ ಹೊಸ್ತಿಲಾ ದಾಟೋ ತನಕ ನಾ ಕ್ಯಾದಗೀನೇ ಇದ್ದೆ. ಅಕ್ಕಿ ಮ್ಯಾಲ ಗಂಗು ಅಂತ ಬರದಾವ್ರು ನೀವೇ. ಶಿವಗ ಬ್ಯಾಡಾದ ಹೂವು ಅಂತ ಅವಾಗೂ ಹಿಂಗೇ ಅಂದ್ರು. ಶಿವಗ ಬ್ಯಾಡಾದ್ರ ಬಿಡವಲ್ದ್ಯಾಕ, ಹೆಣ್ಣಮಕ್ಕಳ ಹೆರಳಿಗಿ ಏರ್ತದಲ್ಲ. ಬಾಡಿದ ಮ್ಯಾಲೂ ವಾಸನಿ ಬಿಡಂಗಿಲ್ಲ ಅದು. ನಾಳಿ ಈ ಕೂಸಿನ ಗಂಡನ ಮನ್ಯಾವ್ರು ಏನ ಬರೀತಾರೋ ಬರೀಲಿ. ಅಲ್ಲಿತನಕರ ಹಡದಾಕಿ ಇಟ್ಟ ಹೆಸರಿರಲಿ."

ಶಾಂತಲಿಂಗಪ್ಪ ಎಲೆಅಡಿಕೆ ಉಗುಳಿ ಬರುವ ನೆಪದಲ್ಲಿ ಎದ್ದು ಅಂಗಳಕ್ಕೆ ಹೋದ, ಬಹಳ ಹೊತ್ತು ಒಳಗೆ ಬರಲಿಲ್ಲ. "ನೋಡೋಣಂತ," ಎಂದಷ್ಟೇ ಅಂದಳು ಗೌರಾಬಾಯಿ. ಹೆಸರು ಕೂಗುವವಳು ಅವಳೇ ಆದ್ದರಿಂದ ಆ ಮಾತಿಗೆ ಬೆಲೆಯಿತ್ತು.

ಮರುದಿನ ಓಣಿಯ ಹೆಣ್ಣುಮಕ್ಕಳೆಲ್ಲ ತೊಟ್ಟಿಲ ಸುತ್ತ ನೆರೆದರು. ಗಂಗುಬಾಯಿ ಅಲ್ಲಿ ನಿಲ್ಲಲಾರದೆ ಗುಗ್ಗರಿಗೆ ಒಗ್ಗರಣೆ ಹಾಕುವ ನೆಪ ಮಾಡಿ ಅಡುಗೆಮನೆ ಸೇರಿದಳು. ಗೌರಿ ಎಂದು ಕೂಗಿದರೂ ನಗುತ್ತಲೇ ಹೊರಗೆ ಹೋಗಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಎಣ್ಣೆಗೆ ಸಾಸಿವೆ ಹಾಕಿದಳು. ಹೊರಗೆ ಜೋಗುಳ ನಿಂತಿತು. "ಕೇತಕಿ ಅನ್ರಿ," ಎಂದು ಸುಭದ್ರಾ ಪಿಸುಗುಟ್ಟಿದ್ದೂ, "ನನ್ನ ನಾಲಿಗಿ ಹಂಗ ಹೊರಳಂಗಿಲ್ಲವ್ವ," ಎಂದು ಗೌರಾಬಾಯಿ ಗದರಿದ್ದೂ ಕೇಳಿಸಿತು.

ಆಮೇಲೆ ಗೌರಾಬಾಯಿ ಗಂಟಲು ತೆರೆದು ಮನೆ ತುಂಬುವಂತೆ ಕೂಗಿದಳು. "ಕ್ಯಾದಗೀ!"

"ಓ, ಬಂದೆ!" ಎಂದುಬಿಟ್ಟಳು ಗಂಗುಬಾಯಿ.

ಹೊರಗೆ ಹೆಣ್ಣುಮಕ್ಕಳ ನಗೆ ಎದ್ದಿತು. ಶಾಂತಲಿಂಗಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತ.

"ನಿನಗಲ್ಲ. ಕೂಸಿಗಿ ಕರದ್ರು," ಎಂದ ಮೆಲ್ಲಗೆ.

"ಗೊತ್ತದರಿ."

ಅವನು ಹೋಗಲಿಲ್ಲ. ಬಾಣಲೆಯಲ್ಲಿ ಸಾಸಿವೆ ಹೊತ್ತಿ ಕರ್ರಗಾಗಿತ್ತು. ಅವಳು ಅದರ ಮೇಲೆಯೇ ಬೆಂದ ಕಡಲೆಯನ್ನು ಸುರುವಿದಳು.