ಕುಂಬಾರವಾಡದ ಬಾನು

"ಇಷ್ಟ ಕರ್ರಗಿದ್ರ ಸಾಲಂಗಿಲ್ರಲೇ! ಇದ್ದಿಲ ಹಚ್ಕೋರಿ ಅಂತ ಎಷ್ಟ ಸಲ ಬಡ್ಕೊಳ್ಳಿ? ಗಿರಾಕಿ ಇಲ್ಲಿತನಕ ಬರೂದು ಕುಂಬಾರವಾಡದ ಕೂಲ್ಯಾರನ್ನ ನೋಡಾಕಲ್ಲ!"

ಈಶಪ್ಪ ಸಾಹುಕಾರ ಎಣ್ಣೆಯಲ್ಲಿ ಕಲಸಿದ ಇದ್ದಿಲಪುಡಿಯ ಡಬ್ಬಿಯನ್ನು ನಮ್ಮ ಕಾಲ ಬುಡಕ್ಕೆ ಎಸೆದ. ಸಿದ್ದಿಗಳಾಗಿ ಹುಟ್ಟಿದ ನಮಗೆ ಕಪ್ಪು ಸಾಲದು ಎಂದು ಬೈದವನು ಭೂಮಿಯ ಮೇಲೆ ಇವನೊಬ್ಬನೇ ಇರಬೇಕು. ಶಾಲೆಯಲ್ಲಿ ಹಿಂದಿನ ಬೆಂಚಿಗೆ ಅಟ್ಟಿದವರಿಗೆ, ಬಸ್ಸಿನಲ್ಲಿ ಪಕ್ಕದಿಂದ ಎದ್ದು ಹೋದವರಿಗೆ ನಾವು ಯಾವತ್ತೂ ಹೆಚ್ಚೇ ಕಪ್ಪಾಗಿದ್ದೆವು.

ಸಾಹುಕಾರನ ರೆಸಾರ್ಟು ದಾಂಡೇಲಿಯಿಂದ ಜೋಯಿಡಾ ಕಡೆ ಹೋಗುವ ದಾರಿಯಲ್ಲಿದೆ. ಹಗಲೆಲ್ಲ ನಾವು ಅಲ್ಲಿ ಪಾತ್ರೆ ತಿಕ್ಕುತ್ತೇವೆ, ಹಾಸಿಗೆಬಟ್ಟೆ ಒಗೆಯುತ್ತೇವೆ. ಸಂಜೆಯಾದರೆ ಸೀರೆ ಬಿಚ್ಚಿಟ್ಟು, ಸೊಪ್ಪಿನ ಲಂಗ ಕಟ್ಟಿ, 'ಆಫ್ರಿಕಾದ ಕಾಡುಜನ' ಆಗಬೇಕು. ಗಿರಾಕಿಗಳ ಎದುರು ಕನ್ನಡ ಆಡಕೂಡದು, ಕೊಂಕಣಿಯೂ ಕೂಡದು. ಹೋ ಹೋ ಎಂದು ಕೂಗಬೇಕು, ಅಷ್ಟೇ. ಡಮಾಮಿ ಎಂದರೆ ನಮ್ಮ ಹೆಂಗಸರು ಮನೆಯಂಗಳದಲ್ಲಿ ಸೀರೆಯುಟ್ಟು, ಹಾಡು ಕಟ್ಟುತ್ತ, ತಮ್ಮ ಖುಷಿಗೆ ಕುಣಿಯುವ ಕುಣಿತ. ಈ ಹಲ್ಕಟ್ ನನ್ಮಗ ಹಾಡನ್ನು ಕಿತ್ತು ಬಿಸಾಕಿ ಡೋಲನ್ನು ಮಾತ್ರ ಇಟ್ಟುಕೊಂಡ.

ಆ ಸಂಜೆ ಬಾನು ಡಬ್ಬಿ ಮುಟ್ಟಲಿಲ್ಲ. ಬಾನು ನನ್ನ ಚಿಕ್ಕಮ್ಮನ ಮಗಳು. ಗಂಡ ಮಾನ್ವೆಲ್ ಹೊಡೆದು ಕೈ ಮುರಿದ ದಿನವೇ ಮಗಳು ಜ್ಯೋತಿಯನ್ನು ಸೊಂಟಕ್ಕೇರಿಸಿಕೊಂಡು ತವರಿಗೆ ಬಂದವಳು. ಹೆಸರುಗಳನ್ನು ಕೇಳಿ ಹುಬ್ಬೇರಿಸಬೇಡಿ. ನಮ್ಮಲ್ಲಿ ಒಂದೇ ಅಂಗಳದಲ್ಲಿ ಮೂರೂ ಮತದ ದೇವರುಗಳು ಸುಮ್ಮನಿರುತ್ತಾರೆ, ಜಗಳ ತೆಗೆಯುವವರು ಸೆರೆ ಕುಡಿದ ಗಂಡಸರು. ಮಾನ್ವೆಲ್ ಈಗ ಹಳಿಯಾಳದಲ್ಲಿ ಬೇರೊಬ್ಬಳ ಜೊತೆಗಿದ್ದಾನೆ.

ರೆಸಾರ್ಟು ಸೇರುವ ಮೊದಲು ಬಾನು ಗೋವಾದ ಮಡಗಾಂವದಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು ಸಾಯುವ ತನಕ ನೋಡಿಕೊಂಡಿದ್ದಳು. ಆ ಮುದುಕಿಯ ಮಗಳು ಪೋರ್ತುಗಲ್‌ನಲ್ಲಿದ್ದಾಳೆ. ಇಲ್ಲಿನ ವೃದ್ಧಾಶ್ರಮದಲ್ಲಿ ಕೆಲಸವಿದೆ, ಬಾ, ನೆಲೆ ನಿಂತ ಮೇಲೆ ಮಗಳನ್ನೂ ಕರೆಸಿಕೊಳ್ಳಬಹುದು ಎಂದು ಅವಳು ಫೋನು ಮಾಡಿದಳು. ಬಾನು ವಿಚಾರಿಸಲು ಹೋದರೆ, ಪರದೇಶಕ್ಕೆ ಆಳು ಕಳಿಸುವ ದಾಂಡೇಲಿಯ ಏಜೆಂಟನಿಗೆ ಮಾತ್ರ ಕುವೈತಿನದೇ ಜಪ. "ಲಗೂನ ಆಗ್ತೈತಿ" ಎಂದ. "ಮಗಳನ್ನ ಕರಸ್ಕೋಬಹುದೇನ್ರಿ?" ಎಂದು ಬಾನು ಕೇಳಿದಳು. "ಮನಿಗೆಲಸದಾಕಿಗೆ ಮಕ್ಕಳ ಯಾಕ ಬೇಕು?" ಎಂದ. ಬಾನು ಎದ್ದು ಬಂದು ಪಾಸ್‌ಪೋರ್ಟಿಗೆ ತಾನೇ ಅರ್ಜಿ ಹಾಕಿದಳು.

ಬಾನು ಡಬ್ಬಿ ಮುಟ್ಟದ ದಿನದ ಮಧ್ಯಾಹ್ನವೇ ಅದರ ವಿಚಾರಣೆಗೆಂದು ಹವಾಲ್ದಾರ ಸಿದ್ದಲಿಂಗ ಬಂದಿದ್ದ. ಮನೆಗಲ್ಲ, ರೆಸಾರ್ಟಿಗೆ. ಮಟನ್ ಇರುವುದು ಇಲ್ಲಿ ತಾನೇ.

"ನೀ ಈ ದೇಶದಾಕಿ ಅಂತ ಯಾರ ಹೇಳಬೇಕು?" ಎಲುಬು ಚೀಪುತ್ತ ಕೇಳಿದ.

"ಆಧಾರ್ ಐತ್ರಿ, ಶಾಲಿ ದಾಖಲಾತಿ ಐತ್ರಿ. ನಮ್ಮ ಓಣ್ಯಾಗ ಕೇಳ್ರಿ."

"ನಿಮ್ಮ ಓಣಿ ಅಂದ್ರ ಎಲ್ಲಾ ನಿನ್ನಂಥಾವ. ಗೇಟಿನ ಬೋರ್ಡ್ ನೋಡ ಹೋಗ. ನಿನ್ನ ಫೋಟೋ, ಕೆಳಗ ಆಫ್ರಿಕಾ ಅಂತ ಐತಿ. ನಾ ಕುಂಬಾರವಾಡ ಅಂತ ಹೆಂಗ ಬರೀಲಿ? ಸಾಹುಕಾರ್ರು ಒಂದ್ ಮಾತ ಹೇಳಿದ್ರ ಬರೀತೇನಿ."

ಸಾಹುಕಾರ ನಕ್ಕ. "ಇನ್ನೆರಡ ಸೀಜನ್ ಕುಣೀಲಿ, ಆಮ್ಯಾಲ ನೋಡೂಣು. ಬೋರ್ಡಿನ ಮ್ಯಾಲಿನಾಕಿನ ಹೋದ್ರ ಗಿರಾಕಿ ಯಾರನ್ನ ನೋಡಬೇಕು, ನಿಮ್ಮ ಮಾರಿನೇನು?"

"ಮತ್ತ ಗಂಡನೂ ಹೂಂ ಅನ್ನಬೇಕ" ಎಂದ ಹವಾಲ್ದಾರ. "ಗಂಡನ್ನ ಬಿಟ್ಟ ರಂಡೇರ ದೇಶ ತಿರಗಲಿ ಅಂತ ಸರ್ಕಾರ ಕುಂತಿಲ್ಲ."

ಬಾನು ತಟ್ಟೆ ಎತ್ತಿಕೊಂಡು ಹೋಗಿ ತೊಳೆದಿಟ್ಟಳು. ಆಮೇಲೆ ನನಗೆ ಹೇಳಿದ್ದು ಇಷ್ಟೇ: "ಪೂನಂ, ಸಂಜಿಕ ನಾ ಕೈ ಎತ್ತಿದ್ರ ಡೋಲ ನಿಲ್ಲಸ."

ಸಂಜೆ ಬೆಂಕಿಯ ಸುತ್ತ ಬೆಳಗಾವಿ, ಪುಣೆ ಕಡೆಯ ಜನ ತುಂಬಿದ್ದರು. ಹವಾಲ್ದಾರ ಮುಂದಿನ ಸಾಲಿನಲ್ಲಿದ್ದ. "ಆಫ್ರಿಕಾದ ದಟ್ಟ ಕಾಡಿನಿಂದ, ನೇರವಾಗಿ ನಿಮ್ಮ ಮುಂದೆ!" ಎಂದು ಸಾಹುಕಾರ ಮೈಕಿನಲ್ಲಿ ಅರಚಿದ. ಫೋನುಗಳು ಮೇಲೆದ್ದವು. ಬಾನು ಹಸಿರು ಸೀರೆಯುಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಕೈ ಎತ್ತಿದಳು. ನಾನು ಡೋಲು ನಿಲ್ಲಿಸಿದೆ. ಸಾಹುಕಾರನ ಕೈಯಿಂದ ಅವಳು ಮೈಕು ಕಸಿದುಕೊಂಡಳು.

"ನಮಸ್ಕಾರ್ರಿ. ನಾ ಬಾನು."

"ಅಯ್ಯ, ಕನ್ನಡ ಮಾತಾಡ್ತಾಳ!" ಎಂದಳು ಯಾರೋ ಹೆಂಗಸು.

"ಮಾತಾಡ್ತೇನ್ರೀ ಅಕ್ಕಾ, ಬೈಯಾಕೂ ಬರ್ತೈತಿ. ಸಾಹುಕಾರ್ರ, ಈ ಮಂದಿ ಮುಂದ ಹೇಳ್ರಿ. ನಾ ಆಫ್ರಿಕಾದಾಕಿನೋ, ಕುಂಬಾರವಾಡದಾಕಿನೋ?"

"ಮೈಕ್ ಕೊಡಲೇ ಬೋಸಡಿ!"

"ಆಫ್ರಿಕಾದಾಕಿ ಅಂದ್ರ, ಪರದೇಶದಾಕಿನ್ನ ಪೊಲೀಸರಿಗೆ ತಿಳಸದ ಇಟ್ಕೊಂಡ ದುಡಸ್ಕೊಂಡೀರಿ. ಹವಾಲ್ದಾರ ಸಾಹೇಬ್ರ, ಈಗಿಂದೀಗ ಇವ್ರನ್ನ ಎಳಕೊಂಡ ನಡೀರಿ. ಕುಂಬಾರವಾಡದಾಕಿ ಅಂದ್ರ, ಈ ಮಂದಿಗೆ ಟೊಪಗಿ ಹಾಕೀರಿ. ಯಾವ್ದ ಬೇಕ ಅದನ್ನ ಹೇಳ್ರಿ."

ಫೋನುಗಳೆಲ್ಲ ಸಾಹುಕಾರನ ಕಡೆ ತಿರುಗಿದವು. ಅವನು ಹವಾಲ್ದಾರನನ್ನು ನೋಡಿದ. ಹವಾಲ್ದಾರ ತನ್ನ ಬೂಟು ನೋಡಿಕೊಂಡ.

"ಕುಂಬಾರವಾಡ" ಎಂದು ಸಾಹುಕಾರ ಗೊಣಗಿದ.

"ಮೈಕಿನ್ಯಾಗ ಹೇಳ್ರಿ." ಅವಳೇ ಮೈಕನ್ನು ಅವನ ಬಾಯಿಗೆ ಹಿಡಿದಳು.

"ಕುಂಬಾರವಾಡದಾಕಿ!"

ಜನ ಎದ್ದು ಗಲಾಟೆ ಶುರುಮಾಡಿದರು. ಬಾನು ಮೈಕು ಕೆಳಗಿಟ್ಟು ನೇರ ಹೋಗಿ ಸಾಹುಕಾರನ ಬೆತ್ತದ ಕುರ್ಚಿಯಲ್ಲಿ, ಹವಾಲ್ದಾರನ ಪಕ್ಕ ಕೂತಳು. ನಾವು ದಿನಾ ಒರೆಸುವ ಕುರ್ಚಿ ಅದು. ನಮ್ಮಲ್ಲಿ ಯಾರೂ ಅದರಲ್ಲಿ ಕೂತವರಲ್ಲ.

"ಬರೀರಿ ಸಾಹೇಬ್ರ."

ಅವನು ವಿಚಾರಣೆಯ ಕಾಗದ, ಪೆನ್ನು ತೆಗೆದ. "ಗಂಡನ ಒಪ್ಪಿಗಿ..."

"ಗಂಡನ್ನ ಬಿಡೂ ಮುಂದ ಅವನ್ನ ಕೇಳಿಲ್ಲ. ದೇಶ ಬಿಡೂ ಮುಂದ ಕೇಳ್ತೇನೇನು? ಬರೀರಿ."

"ನಾಳಿಂದ ಒಬ್ಬಾಕಿನೂ ಗೇಟಿನ ಒಳಗ ಕಾಲ ಇಡಬ್ಯಾಡ್ರಿ!" ಸಾಹುಕಾರ ನಮ್ಮೆಲ್ಲರ ಮೇಲೆ ಹರಿಹಾಯ್ದ. ನನಗೂ ಮಕ್ಕಳಿದ್ದಾರೆ. ನಮ್ಮ ಜೊತೆ ಕುಣಿಯುವ, ಪಕ್ಕದಲ್ಲೇ ನಿಂತಿದ್ದ ಯಲ್ಲವ್ವ ನನ್ನ ಮುಖ ನೋಡಿದಳು. ನಾನು ಡೋಲು ಕೆಳಗಿಟ್ಟೆ. ಗಿರಾಕಿಗಳು ಎದ್ದುಹೋದ ಎರಡು ಕುರ್ಚಿಗಳನ್ನು ಎಳೆದು ತಂದು ಬಾನುವಿನ ಪಕ್ಕದಲ್ಲೇ ಇಬ್ಬರೂ ಸಾಲಾಗಿ ಕೂತೆವು. ಹವಾಲ್ದಾರ ಬರೆದು ಮುಗಿಸುವ ತನಕ ಮೂವರಲ್ಲಿ ಯಾರೂ ಏಳಲಿಲ್ಲ.