ಒಂದು ಚೊಂಬು ನೀರು

ಗುಂಡಿ ಬೆಳಗ್ಗೆಯೇ ತಯಾರಾಗಿ ಕಾಯುತ್ತಿತ್ತು, ತಡವಾದದ್ದು ಹೆಣ. ಹೊತ್ತಿಳಿಯುವಾಗ ಮೈಸೂರಿನಿಂದ ಜೀಪು ಬಂತು. ಕರಿಯಯ್ಯನನ್ನು ಇಳಿಸುವಾಗ ಹನಗೋಡಿಗೆ ಹನಗೋಡೇ ಬಾಯಿ ಬಡಿದುಕೊಂಡಿತು. ಆ ಸದ್ದಿಗೆ ಲಕ್ಷ್ಮಣತೀರ್ಥದ ಮೀನುಗಳೆಲ್ಲ ಆಚೆ ದಡಕ್ಕೆ ಗುಳೆ ಹೋದವು.

"ಡಾಕ್ಟ್ರು ಎಂಗೇಳುದ್ರು ಅತ್ಗೆ?" ಪಕ್ಕದ ಮನೆಯ ನಂಜಣ್ಣ ಕೇಳಿದ.

ಕರಿಯಯ್ಯನ ಹೆಂಡತಿ ಚಿಕ್ಕಬೀರಮ್ಮ ಮೂಗೊರೆಸಿಕೊಂಡಳು. "ನಿಮ್ಮಣ್ಣ ಹೇಳ್ತಿದ್ದಂಗೇ ಕಣಪ್ಪ. ನನ್ನ ಒಳಿಕ್ಕೆ ಬುಡ್ನಿಲ್ಲ. ಅವ್ರೇ ಈಚೆಗೆ ಬಂದು, ಪಕ್ಕದಲ್ಲಿ ಕುಂತ್ಕಂಡು, 'ಸೀರಿಯಸ್ ಆಗಿದೆ ಅಮ್ಮ, ನೆಂಟರಿಗೆ ತಿಳಿಸಿ' ಅಂದ್ರು. ಗೊತ್ತಾಯ್ತು. ನೆನ್ನೆ ಕೊನೇ ಬಸ್ಗೇ ಬಂದ್ಬುಟ್ಟೆ."

"ಸತ್ತ ಅಂತ ಬಾಯಿ ಬುಟ್ಟು ಅನ್ನಿಲ್ವಾ? ನೂರಕ್ಕೆ ನೂರೈವತ್ತು ಕೊಡ್ಬೇಕು ಆವಯ್ಯಂಗೆ! ನಮ್ಮಣ್ಣನ ತಾವೇ ಕಲ್ತಿರ್ಬೇಕು."

\*

ಸಾವಿನ ಸುದ್ದಿ ಮುಟ್ಟಿಸುವುದರಲ್ಲಿ ಕರಿಯಯ್ಯ ನಾಲ್ಕು ತಾಲ್ಲೂಕಿಗೆ ಒಬ್ಬನೇ. ಯಮನೂ ಇವನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ದಾರಿ ಕೇಳಿಕೊಂಡು ಬರುತ್ತಿದ್ದ. ಪಿರಿಯಾಪಟ್ಟಣವಿರಲಿ, ಮಿರ್ಲೆಯಿರಲಿ, ಬಾಗಿಲಲ್ಲಿ ಮೊದಲು ಒಂದು ಚೊಂಬು ನೀರು ಕೇಳುವನು. ಗಟಗಟ ಕುಡಿದು, ಚೊಂಬನ್ನು ಜಗಲಿಯ ಮೇಲೆ ಬೋರಲು ಹಾಕಿ, "ಸೀರಿಯಸ್ಸು, ಹೊರಡಿ" ಎನ್ನುವನು. ಅಷ್ಟಕ್ಕೇ ಒಳಗೆ ಗೋಳು ಏಳುವುದು.

"ಡಾಕ್ಟ್ರುಗಳು ಮಕದ ಮ್ಯಾಲೆ ಒಡ್ದಂಗೆ ಹೇಳ್ತವೆ ಕಣ್ಲಾ. ಅರ್ಧ ನಾವು ಹೇಳ್ಬೇಕು, ಅರ್ಧ ಅವರೇ ತಿಳ್ಕಬೇಕು," ಎಂದು ಅಕ್ಕನ ಮಗ ಮಾದೇಶನಿಗೂ ಈ ವಿದ್ಯೆ ಕಲಿಸಿದ್ದ.

\*

ನೀರು ಹುಯ್ಯುವ ಮೊದಲು ಅಂಗಿ ಬಿಚ್ಚಲೆಂದು ಚಿಕ್ಕಬೀರಮ್ಮ ಗಂಡನ ಕಂಕುಳಿಗೆ ಕೈ ಹಾಕಿದಳು. ಉಸಿರಿಲ್ಲ, ಮೈ ಮಾತ್ರ ಇನ್ನೂ ಬೆಚ್ಚಗಿತ್ತು. ತೋಳೆತ್ತಿದಳು, ಮಡಚಿತು. ಊರಿನ ಅರ್ಧ ಹೆಣಗಳನ್ನು ತೊಳೆದ ಕೈ ಅವಳದು. ನೆನ್ನೆ ಸತ್ತವರ ತೋಳು ಹೀಗೆ ಮಡಚುವುದಿಲ್ಲ.

ಹಾಗಾದರೆ ನೆನ್ನೆ ಡಾಕ್ಟರು ಸೀರಿಯಸ್ ಅಂದದ್ದು ಬರೀ ಸೀರಿಯಸ್ಸೇ.

ಬೆಳಗ್ಗೆ ಹೆಣ ತರಲು ಹೋಗಿದ್ದ ಮಾದೇಶ ಜೀಪಿಗೊರಗಿ ನಿಂತಿದ್ದ. ಬಂದಾಗಿನಿಂದ ಅವಳ ಮುಖ ನೋಡಿರಲಿಲ್ಲ.

"ಮಾದೇಶ, ನೀನು ಆಸ್ಪತ್ರೆಗೆ ಓದಾಗ ನಿಮ್ಮಾವ ಎಂಗಿದ್ರು?"

ಅವನು ಮುಚ್ಚಿದ್ದ ಜೀಪಿನ ಬಾಗಿಲನ್ನೇ ಮತ್ತೊಮ್ಮೆ ತೆಗೆದು ಹಾಕಿದ.

"ನನ್ನ ಕೇಳುದ್ರಾ?"

ಮಾದೇಶ ಮೆಲ್ಲಗೆ ಜಗಲಿಯ ಹತ್ತಿರ ಬಂದ. "ಅತ್ತೆ, ಒಂದ್ ಚೊಂಬು ನೀರು ಕೊಡಿ."

ಕೊಟ್ಟಳು. ಗಟಗಟ ಪೂರ್ತಿ ಕುಡಿದ. ಚೊಂಬನ್ನು ಜಗಲಿಯ ಮೇಲೆ ಬೋರಲು ಹಾಕಿದ. ಹೇಳಲೆಂದು ಬಾಯಿ ತೆರೆದ.

ಚಿಕ್ಕಬೀರಮ್ಮ ಸರಕ್ಕನೆ ಆ ಚೊಂಬನ್ನೆತ್ತಿಕೊಂಡಳು. ಹಂಡೆಯಲ್ಲಿ ಅದ್ದಿ, ಕಂಠದವರೆಗೂ ತುಂಬಿ, ಮತ್ತೆ ಅವನ ಮುಂದೆ ಹಿಡಿದಳು.